ಗಟ್ಟಿ ದನಿಯೋ, ದಿಟದ ದನಿಯೋ?

ಕಲಾ ಕಾಲೇಜಿನ ವಾರ್ಷಿಕ ಸಂಚಿಕೆಯಲ್ಲಿ, ಕವಿತೆ ಹರಟೆ ಪ್ರವಾಸಕಥನಗಳ ನಡುವೆ, ಆಂಪ್ಲಿಫೈಯರ್ ಎಂಬ ಕಬ್ಬಿಣದ ಪೆಟ್ಟಿಗೆಯೊಂದನ್ನು ಕುರಿತ ಲೇಖನವನ್ನು ಕಂಡು ವಾಚಕರು ಹುಬ್ಬೇರಿಸಿದರೆ ಆಶ್ಚರ್ಯವಿಲ್ಲ. ಇದು ವಿಜ್ಞಾನ ವಿದ್ಯಾರ್ಥಿಗಳ ಸೊತ್ತು, ನಮಗೇಕೆ ಈ ಉಸಾಬರಿ ಎನ್ನುವವರೂ ಇರಬಹುದು. ಆದರೆ ಈ ವರ್ಷ ನಮ್ಮ ಕಾಲೇಜಿನ ಜಗಲಿಯ ಮೇಲೆ ಚುನಾವಣೆಗಿಂತಲೂ ಹೆಚ್ಚಾಗಿ ಚರ್ಚೆಗೆ ಈಡಾದ ವಿಷಯವಿದು ಎಂಬುದನ್ನು ಯಾರೂ ಅಲ್ಲಗಳೆಯಲಾರರು. ಆದ್ದರಿಂದ ನನ್ನ ಅಭಿಪ್ರಾಯವನ್ನೂ ನಾಲ್ಕು ಜನರ ಮುಂದೆ ಇಡುವುದು ತಪ್ಪಾಗಲಾರದೆಂದು ಭಾವಿಸಿದ್ದೇನೆ.

ವಿಷಯ ಇಷ್ಟು. ಕನ್ನಡ ವಿಭಾಗದ ವಿದ್ಯಾರ್ಥಿಗಳು ರಜಾದಿನಗಳಲ್ಲಿ ಸುತ್ತಲಿನ ಹಳ್ಳಿಗಳಿಗೆ ಹೋಗಿ, ಹಿರಿಯ ಹೆಂಗಸರ ಬಾಯಿಂದ ಸೋಬಾನೆಯ ಪದಗಳನ್ನೂ ಬೀಸುವ ಪದಗಳನ್ನೂ ಧ್ವನಿಮುದ್ರಿಸಿಕೊಂಡು ಬಂದಿದ್ದಾರೆ. ಇವನ್ನು ಕೇಳಿ, ಆಯ್ದು, ಬರೆಹಕ್ಕಿಳಿಸಿ, ಮುಂದಿನವರಿಗೆ ಉಳಿಯುವಂತೆ ಜೋಡಿಸಿಡಲು ಗ್ರಂಥಾಲಯದ ಪಕ್ಕದ ಸಣ್ಣ ಕೋಣೆಯನ್ನು ಬಿಟ್ಟುಕೊಡಲಾಗಿದೆ. ಹಳೆಯ ವಿದ್ಯಾರ್ಥಿಯೊಬ್ಬರು ಒಂದು ಜೊತೆ ಒಳ್ಳೆಯ ಸ್ಪೀಕರುಗಳನ್ನು ಕೊಡುಗೆಯಾಗಿ ಕೊಟ್ಟಿದ್ದಾರೆ. ಈಚೆಗೆ ಆಂಪ್ಲಿಫೈಯರನ್ನು ಹೊಟ್ಟೆಯಲ್ಲೇ ಇಟ್ಟುಕೊಂಡ ಸ್ಪೀಕರುಗಳು ಬಂದಿವೆ. ನಮಗೆ ದೊರೆತಿರುವವು ಆ ಬಗೆಯವಲ್ಲ. ಇವನ್ನು ನಡೆಸಲು ಬೇರೆಯಾಗಿ ಒಂದು ಪವರ್ ಆಂಪ್ಲಿಫೈಯರು ಬೇಕು. ಯಾವುದನ್ನು ಕೊಳ್ಳಬೇಕು, ಅದನ್ನು ಯಾರು ಮುಟ್ಟಬೇಕು ಎಂಬುದೇ ಈಗಿನ ವಾದ.

ಒಂದು ಪಕ್ಷದವರು, “ಕೊಳ್ಳುವುದೇ ಆದರೆ ಸಾವಿರ ವ್ಯಾಟಿನದನ್ನೇ ಕೊಳ್ಳೋಣ, ವಾರ್ಷಿಕೋತ್ಸವಕ್ಕೂ ಆಯಿತು” ಎನ್ನುತ್ತಾರೆ. ಇನ್ನೊಂದು ಪಕ್ಷದವರು, “ಅಜ್ಜಿಯರ ಹಾಡು ಕೇಳುವುದಕ್ಕೆ ಇಷ್ಟೆಲ್ಲ ಏಕೆ, ಕಂಪ್ಯೂಟರಿನ ಪುಟ್ಟ ಸ್ಪೀಕರೇ ಸಾಕು” ಎನ್ನುತ್ತಾರೆ. ಮೇಲ್ನೋಟಕ್ಕೆ ಇವೆರಡೂ ಉತ್ತರ ದಕ್ಷಿಣ. ಆದರೆ ಆಂಪ್ಲಿಫೈಯರಿನ ಕೆಲಸ ಶಬ್ದವನ್ನು ಗಟ್ಟಿಮಾಡುವುದಷ್ಟೇ ಎಂಬ ಒಂದೇ ನಂಬಿಕೆಯ ಮೇಲೆ ಇಬ್ಬರೂ ನಿಂತಿದ್ದಾರೆ. ಆ ನಂಬಿಕೆಯನ್ನೇ ನಾನು ಪ್ರಶ್ನಿಸಹೊರಟಿದ್ದೇನೆ.

ಪವರ್ ಆಂಪ್ಲಿಫೈಯರ್ ಎಂಬುದನ್ನು ಅಕ್ಷರಶಃ ಕನ್ನಡಿಸಿದರೆ ‘ಶಕ್ತಿವರ್ಧಕ’ ಎಂದಾಗುತ್ತದೆ. ಜಾತ್ರೆಯಲ್ಲಿ ಡಬ್ಬಿಗಟ್ಟಲೆ ಮಾರುವ ಲೇಹ್ಯದ ನೆನಪನ್ನು ತರುವ ಈ ಹೆಸರು ಬೇಡವೆಂದೇ ನಾನು ಇಂಗ್ಲಿಷ್ ಶಬ್ದವನ್ನು ಉಳಿಸಿಕೊಂಡಿದ್ದೇನೆ. ಅದರ ಕೆಲಸ ಸರಳವಾದದ್ದು. ಕಂಪ್ಯೂಟರಿನಿಂದಲೋ ಮಿಕ್ಸರಿನಿಂದಲೋ ಹೊರಡುವ ವಿದ್ಯುತ್ ಸಂಕೇತ ಬಹಳ ದುರ್ಬಲ. ಸ್ಪೀಕರಿನ ಕಾಗದದ ಶಂಕುವನ್ನು ಹಿಂದೆಮುಂದೆ ತಳ್ಳುವ ತ್ರಾಣ ಅದಕ್ಕಿಲ್ಲ. ಆ ಸಂಕೇತದ ಆಕಾರವನ್ನು ಹಾಗೆಯೇ ಉಳಿಸಿಕೊಂಡು, ಅದಕ್ಕೆ ಬಲವನ್ನು ಮಾತ್ರ ತುಂಬಿ ಸ್ಪೀಕರಿಗೆ ಒಪ್ಪಿಸುವುದು ಆಂಪ್ಲಿಫೈಯರಿನ ಧರ್ಮ. ‘ಆಕಾರವನ್ನು ಹಾಗೆಯೇ ಉಳಿಸಿಕೊಂಡು’ ಎಂಬ ಮಾತನ್ನು ವಾಚಕರು ದಯಮಾಡಿ ಗಮನಿಸಬೇಕು. ತಾನಾಗಿ ಏನನ್ನೂ ಸೇರಿಸದ, ಏನನ್ನೂ ಕಳೆಯದ ಆಂಪ್ಲಿಫೈಯರೇ ಉತ್ತಮವಾದದ್ದು. ಒಳ್ಳೆಯ ದುಭಾಷಿಯಂತೆ ಅದು ಇದ್ದೂ ಇಲ್ಲದಂತಿರಬೇಕು.

ಈ ಗುಣ ಅದಕ್ಕೆ ಸುಲಭವಾಗಿ ಬರಲಿಲ್ಲ. ಅಮೆರಿಕದ ಲೀ ಡಿ ಫಾರೆಸ್ಟ್ ಎಂಬಾತ 1906ರಲ್ಲಿ ರೂಪಿಸಿದ ನಿರ್ವಾತ ಕೊಳವೆಯಿಂದ ಸಂಕೇತವನ್ನು ವರ್ಧಿಸುವ ದಾರಿ ತೆರೆಯಿತು. ಆದರೆ ವರ್ಧಿಸಿದಂತೆಲ್ಲ ಧ್ವನಿ ವಿಕಾರವಾಗುತ್ತಿತ್ತು. ದೂರದೂರಿನ ಟೆಲಿಫೋನ್ ತಂತಿಯ ಮೇಲೆ ಹತ್ತಾರು ಆಂಪ್ಲಿಫೈಯರುಗಳನ್ನು ಸಾಲಾಗಿ ಇಟ್ಟಾಗ ಈ ವಿಕಾರ ಕೂಡುತ್ತ ಹೋಗಿ ಮಾತೇ ತಿಳಿಯದಂತಾಗುತ್ತಿತ್ತು. 1927ರಲ್ಲಿ ಹೆರಾಲ್ಡ್ ಬ್ಲ್ಯಾಕ್ ಎಂಬ ಎಂಜಿನಿಯರಿಗೆ, ಹಡ್ಸನ್ ನದಿಯನ್ನು ದಾಟಿಸುವ ದೋಣಿಯಲ್ಲಿ ಕೆಲಸಕ್ಕೆ ಹೋಗುತ್ತಿದ್ದಾಗ, ಇದರ ಪರಿಹಾರ ಹೊಳೆಯಿತು. ಕೈಯಲ್ಲಿದ್ದ ವೃತ್ತಪತ್ರಿಕೆಯ ಹಾಳೆಯ ಮೇಲೆಯೇ ಅದನ್ನು ಗೀಚಿಕೊಂಡನು. ಹೊರಬರುವ ಧ್ವನಿಯ ಒಂದಂಶವನ್ನು ತಲೆಕೆಳಗು ಮಾಡಿ ಮತ್ತೆ ಒಳಕ್ಕೆ ಕಳುಹಿಸಿದರೆ, ಯಂತ್ರವು ತನ್ನ ತಪ್ಪನ್ನು ತಾನೇ ತಿದ್ದಿಕೊಳ್ಳುತ್ತದೆ. ಆದರೆ ಇದಕ್ಕೊಂದು ಬೆಲೆಯುಂಟು: ವರ್ಧಿಸುವ ಶಕ್ತಿಯಲ್ಲಿ ಬಹುಭಾಗವನ್ನು ಬಿಟ್ಟುಕೊಡಬೇಕು. ಬಲವನ್ನು ತೆತ್ತು ಸತ್ಯವನ್ನು ಕೊಂಡುಕೊಂಡ ಈ ಉಪಾಯವೇ ಇಂದಿಗೂ ಆಂಪ್ಲಿಫೈಯರುಗಳ ತಳಹದಿ. ಹೀಗಿರುವಾಗ ವ್ಯಾಟುಗಳ ಸಂಖ್ಯೆಯೊಂದನ್ನೇ ನೋಡಿ ಯಂತ್ರವನ್ನು ಅಳೆಯುವುದು ಸರಿಯೇ?

ವ್ಯಾಟಿನ ಲೆಕ್ಕವನ್ನೇ ಕೊಂಚ ನೋಡೋಣ. ಗಣಿತವೆಂದು ಯಾರೂ ಅಂಜಬೇಕಿಲ್ಲ. ನಮ್ಮ ಕಿವಿಗೆ ಶಕ್ತಿಯ ಏರಿಕೆ ಬಹಳ ನಿಧಾನವಾಗಿ ತಿಳಿಯುತ್ತದೆ. 100 ವ್ಯಾಟಿನ ಬದಲು 200 ವ್ಯಾಟ್ ಕೊಟ್ಟರೆ ಏರುವುದು 3 ಡೆಸಿಬೆಲ್ ಮಾತ್ರ. ಕಿವಿಗೆ ‘ತುಸು ಹೆಚ್ಚಾಯಿತು’ ಎನ್ನಿಸೀತು. ಶಬ್ದವು ಎರಡರಷ್ಟಾಯಿತೆಂದು ಅನ್ನಿಸಬೇಕಾದರೆ ಸುಮಾರು ಹತ್ತು ಪಟ್ಟು ಶಕ್ತಿ ಬೇಕು. ನಮ್ಮ ಸ್ಪೀಕರುಗಳು 1 ವ್ಯಾಟಿಗೆ 1 ಮೀಟರ್ ದೂರದಲ್ಲಿ 87 ಡೆಸಿಬೆಲ್ ಕೊಡತಕ್ಕವು. ಕೇಳುವವನು 2 ಮೀಟರ್ ದೂರದಲ್ಲಿ ಕುಳಿತರೆ ಅದು 81ಕ್ಕೆ ಇಳಿಯುತ್ತದೆ. ಸ್ಪೀಕರುಗಳು ಎರಡಾದ್ದರಿಂದ 84 ಎನ್ನಿ. ದಿನವೂ ಕುಳಿತು ಕೇಳುವವರಿಗೆ ಸರಾಸರಿ 80 ಡೆಸಿಬೆಲ್ ಧಾರಾಳವಾಯಿತು. ಎಂದರೆ ಒಂದೊಂದು ಸ್ಪೀಕರಿಗೂ ಅರ್ಧ ವ್ಯಾಟೂ ಬೇಡ! ಹಾಡುವವರು ಥಟ್ಟನೆ ದನಿಯೆತ್ತಿದಾಗ, ತಾಳದ ಪೆಟ್ಟು ಬಿದ್ದಾಗ ಧ್ವನಿ 20 ಡೆಸಿಬೆಲ್ ಮೇಲೇರಿತೆಂದು ಇಟ್ಟುಕೊಂಡರೂ ನೂರು ಪಟ್ಟು, ಅಂದರೆ ಸುಮಾರು 40 ವ್ಯಾಟ್ ಸಾಕು. ಚಾನೆಲಿಗೆ 100 ವ್ಯಾಟಿನ ಯಂತ್ರ ನಮ್ಮ ಕೋಣೆಗೆ ಯಥೇಚ್ಛ.

ಇಲ್ಲಿ ಎದುರು ಪಕ್ಷಕ್ಕೂ ನ್ಯಾಯ ಸಲ್ಲಿಸಬೇಕು. ಶಕ್ತಿ ತೀರ ಕಡಮೆಯಾದರೂ ಕೇಡೇ. ತುಂಬಿದ ಕೊಡ ತುಳುಕುವುದಿಲ್ಲವೆಂಬಂತೆ, ಶಕ್ತಿಯನ್ನು ಕೂಡಿಟ್ಟುಕೊಂಡ ಆಂಪ್ಲಿಫೈಯರು ಎಂಥ ಏರುದನಿಯನ್ನೂ ನಿರಾಯಾಸವಾಗಿ ಹೊರುತ್ತದೆ. ಶಕ್ತಿ ಸಾಲದ ಯಂತ್ರವನ್ನು ಹಿಂಡಿದರೆ ಧ್ವನಿಯ ಅಲೆಗಳ ನೆತ್ತಿ ಕತ್ತರಿಸಿಹೋಗುತ್ತದೆ; ದನಿ ಕರ್ಕಶವಾಗುವುದಲ್ಲದೆ, ಸ್ಪೀಕರಿನೊಳಗಿನ ಸೂಕ್ಷ್ಮವಾದ ಸುರುಳಿ ಸುಟ್ಟುಹೋಗಲೂಬಹುದು. ಆದ್ದರಿಂದ ಬೇಕಾದುದಕ್ಕಿಂತ ಒಂದಿಷ್ಟು ಮಿಗಿಲಾಗಿ ಕೊಳ್ಳೋಣ. ಹತ್ತು ಪಟ್ಟು ಬೇಡ. ಉಳಿದ ಹಣದಲ್ಲಿ ಒಳ್ಳೆಯ ತಂತಿಗಳನ್ನೂ ದಪ್ಪ ಪರದೆಗಳನ್ನೂ ಪುಸ್ತಕದ ಬೀರುಗಳನ್ನೂ ತಂದು ಕೋಣೆಯ ಮಾರ್ದನಿಯನ್ನು ತಗ್ಗಿಸೋಣ. ಬರಿಗೋಡೆಯ ಕೋಣೆಯಲ್ಲಿ ಎಷ್ಟು ಬೆಲೆಯ ಯಂತ್ರವಾದರೂ ಪಾತ್ರೆಯೊಳಗೆ ಮಾತಾಡಿದಂತೆಯೇ ಕೇಳುತ್ತದೆ.

ಇನ್ನು ವಾರ್ಷಿಕೋತ್ಸವದ ಮಾತು. ಚಪ್ಪರದ ಆಂಪ್ಲಿಫೈಯರಿಗೂ ಸ್ಟುಡಿಯೋದ ಆಂಪ್ಲಿಫೈಯರಿಗೂ ಉದ್ದೇಶವೇ ಬೇರೆ. ಅಲ್ಲಿ ಕೊನೆಯ ಸಾಲಿನವರಿಗೆ ಮಾತು ಮುಟ್ಟಬೇಕು. ಇಲ್ಲಿ ಮುಂದೆ ಕುಳಿತವನಿಗೆ ದೋಷ ಕಾಣಬೇಕು. ಎರಡಕ್ಕೂ ಒಂದೇ ಯಂತ್ರವನ್ನು ಹೊತ್ತು ತಿರುಗಿಸಿದರೆ ತಿಂಗಳೊಪ್ಪತ್ತಿನಲ್ಲಿ ಎರಡಕ್ಕೂ ಒದಗದೆ ಹೋದೀತು. ಅಲ್ಲದೆ 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಿದ್ಯಾಸಂಸ್ಥೆಗಳ ಸುತ್ತಲಿನ 100 ಮೀಟರ್ ಪ್ರದೇಶವನ್ನು ನಿಶ್ಶಬ್ದ ವಲಯವೆಂದು ಘೋಷಿಸಲು ಅವಕಾಶವಿದೆ. ಸಾವಿರ ವ್ಯಾಟಿನ ಉತ್ಸಾಹಿಗಳು ಇದನ್ನೂ ಮನಸ್ಸಿಗೆ ತಂದುಕೊಳ್ಳಲಿ.

ಯಂತ್ರ ಬಂದಮೇಲೆ ಅದನ್ನು ಹೂಡುವ ಬಗೆ ಹೇಗೆ? ಇಲ್ಲಿ ಜಾಣತನಕ್ಕಿಂತ ಶಿಸ್ತು ಮುಖ್ಯ. ಆಂಪ್ಲಿಫೈಯರು ಬಿಸಿಯಾಗುವ ವಸ್ತು. ಅದರ ಸುತ್ತ ಗಾಳಿಯಾಡಲು ಜಾಗ ಬಿಡಬೇಕು, ಅದರ ಮೇಲೆ ಹಾಜರಿ ಪುಸ್ತಕಗಳನ್ನು ಪೇರಿಸಕೂಡದು. ಒಳಗೆ ಫ್ಯಾನಿದ್ದರೆ ಅದರ ಸದ್ದು ಕೇಳುವವರ ಕಿವಿಗೆ ಬೀಳದಂತೆ ಆದಷ್ಟು ದೂರದಲ್ಲಿ ಇಡುವುದು ಮೇಲು. ಸ್ಪೀಕರುಗಳೆರಡನ್ನೂ ಕೇಳುವವನ ಕಿವಿಯ ಎತ್ತರಕ್ಕೆ ನಿಲ್ಲಿಸಿ, ಅವೆರಡರ ನಡುವಿನ ಅಂತರವೂ ಅವುಗಳಿಂದ ಕೇಳುವವನಿಗಿರುವ ಅಂತರವೂ ಸಮನಾಗಿರುವಂತೆ, ಅಂದರೆ ಸಮಬಾಹು ತ್ರಿಕೋಣವಾಗುವಂತೆ, ನೋಡಿಕೊಳ್ಳಬೇಕು.

ಸ್ಪೀಕರಿನ ಬೆನ್ನ ಮೇಲೆ 8 ಓಮ್ ಎಂದು ಬರೆದಿರುತ್ತದೆ. ವಿದ್ಯುತ್ತಿಗೆ ಅದು ಒಡ್ಡುವ ತಡೆಯ ಲೆಕ್ಕ ಅದು. ಅಂಥ ಎರಡು ಸ್ಪೀಕರುಗಳನ್ನು ಒಂದೇ ಚಾನೆಲಿಗೆ ಸಮಾಂತರವಾಗಿ ಜೋಡಿಸಿದರೆ ತಡೆ 4 ಓಮಿಗೆ ಇಳಿಯುತ್ತದೆ. ನಾಲ್ಕನ್ನು ಜೋಡಿಸಿದರೆ 2ಕ್ಕೆ. ತಡೆ ಇಳಿದಷ್ಟೂ ಯಂತ್ರ ಹೆಚ್ಚು ಪ್ರವಾಹವನ್ನು ಕೊಡಬೇಕಾಗಿ ಬಂದು ಕಾಯುತ್ತದೆ, ಕಡೆಗೆ ಕೆಡುತ್ತದೆ. ಎರಡು ಚಾನೆಲುಗಳನ್ನು ಒಂದಾಗಿ ಬೆಸೆಯುವ ‘ಬ್ರಿಜ್’ ಎಂಬ ಸ್ವಿಚ್ಚು ಹಿಂಬದಿಯಲ್ಲಿ ಇದ್ದರೆ ಅದನ್ನು ಕುತೂಹಲಕ್ಕೂ ಮುಟ್ಟಬಾರದು; ಆಗ 8 ಓಮಿನ ಸ್ಪೀಕರು ಯಂತ್ರದ ಪ್ರತಿಯೊಂದು ಅರ್ಧಕ್ಕೂ 4 ಓಮಿನಂತೆ ತೋರುತ್ತದೆ. ತಂತಿಯ ವಿಷಯದಲ್ಲಿ, ಕೆಂಪಿಗೆ ಕೆಂಪು, ಕಪ್ಪಿಗೆ ಕಪ್ಪು ಎಂಬ ಮಗ್ಗಿಯನ್ನು ಮರೆಯಬಾರದು. ಒಂದು ಸ್ಪೀಕರಿಗೆ ಅದಲುಬದಲಾದರೆ, ಒಂದರ ಶಂಕು ಮುಂದಕ್ಕೆ ಬರುವಾಗ ಇನ್ನೊಂದರದು ಹಿಂದಕ್ಕೆ ಸರಿದು ಕೆಳಸ್ವರಗಳು ಪರಸ್ಪರ ತಿಂದುಹಾಕುತ್ತವೆ. ಪರೀಕ್ಷೆ ಸುಲಭ: ಒಬ್ಬರೇ ಮಾತಾಡಿದ ಮುದ್ರಣವನ್ನು ಎರಡೂ ಸ್ಪೀಕರುಗಳಲ್ಲಿ ಒಂದೇ ಸಮನಾಗಿ ಹಾಕಿ ಕೇಳಿ. ಜೋಡಣೆ ಸರಿಯಾಗಿದ್ದರೆ ಮಾತು ಎರಡರ ನಟ್ಟನಡುವೆ ಆಳು ನಿಂತಂತೆ ಕೇಳುತ್ತದೆ. ತಪ್ಪಾಗಿದ್ದರೆ ಎಲ್ಲಿಂದ ಬರುತ್ತಿದೆಯೆಂದೇ ತಿಳಿಯದೆ ಚದುರಿಹೋಗುತ್ತದೆ.

ಇದು ಸಣ್ಣ ವಿಷಯವೆಂದು ತಿಳಿಯಬಾರದು. ಬೀಸುವ ಪದದ ಹಿಂದೆ ಬೀಸುಕಲ್ಲಿನ ಮಂದ್ರವಾದ ಗುರುಗುಟ್ಟು ಇರುತ್ತದೆ. ಹಾಡಿಗೆ ಕಾಲದ ಅಳತೆಯನ್ನು ಕೊಡುವುದು ಅದೇ. ಸ್ಪೀಕರು ತಿರುಗುಮುರುಗಾಗಿದ್ದರೆ ಆ ಸದ್ದು ಕೇಳುವುದೇ ಇಲ್ಲ; ಕಂಪ್ಯೂಟರಿನ ಪುಟ್ಟ ಸ್ಪೀಕರಿನಲ್ಲಂತೂ ಅದು ಹುಟ್ಟುವುದೇ ಇಲ್ಲ. ಇನ್ನು ಕೆಳಸ್ವರವನ್ನು ಅತಿಯಾಗಿ ಉಬ್ಬಿಸಿಕೊಂಡು ಕೇಳುವವನು, “ಇದೇನೋ ಲಾರಿಯ ಸದ್ದು” ಎಂದು ಭಾವಿಸಿ ಅದನ್ನು ಕತ್ತರಿಸಿ ಎಸೆಯುತ್ತಾನೆ. ಇಬ್ಬರಿಂದಲೂ ಹಾಡಿನ ಬೆನ್ನೆಲುಬು ಮುರಿಯಿತು. ಎಂಬತ್ತರ ಗಡಿಯಲ್ಲಿರುವ ಹಾಡುಗಾರ್ತಿಯ ದನಿಯನ್ನು ಮತ್ತೆ ಯಾವಾಗ ತರೋಣ? ತಪ್ಪಾಗಿ ಕೇಳಿದವನು ತಪ್ಪಾಗಿಯೇ ತಿದ್ದುತ್ತಾನೆ; ತಿದ್ದಿದ್ದೇ ಮುಂದಿನವರಿಗೆ ಪ್ರಮಾಣವಾಗುತ್ತದೆ. ಆಂಪ್ಲಿಫೈಯರಿನ ವಿಷಯದಲ್ಲಿ ನಾನು ಇಷ್ಟು ಹಟ ಹಿಡಿಯಲು ಇದೇ ಕಾರಣ.

ಹೂಡುವಾಗ ಎಲ್ಲರನ್ನೂ ಕಾಡುವುದು ‘ಗುಂ’ ಎನ್ನುವ ಸದ್ದು. ನಮ್ಮ ಮನೆಗಳಿಗೆ ಬರುವ ವಿದ್ಯುತ್ತು ಸೆಕೆಂಡಿಗೆ 50 ಸಲ ತೊನೆಯುವುದರಿಂದ ಈ ಗುಂಜಾರವ. ಬೇರೆ ಬೇರೆ ಗೋಡೆಗಳ ಪ್ಲಗ್ಗುಗಳಿಂದ ಯಂತ್ರಗಳಿಗೆ ವಿದ್ಯುತ್ ಕೊಟ್ಟಾಗ ಅವುಗಳ ಅರ್ಥ್ ತಂತಿಗಳ ನಡುವೆ ಒಂದು ಸುತ್ತು ಏರ್ಪಟ್ಟು, ಅದರಲ್ಲಿ ಹರಿಯುವ ಸಣ್ಣ ಪ್ರವಾಹ ಸ್ಪೀಕರಿನಲ್ಲಿ ಕೇಳಿಸುತ್ತದೆ. ಎಲ್ಲ ಯಂತ್ರಗಳಿಗೂ ಒಂದೇ ಬೋರ್ಡಿನಿಂದ ವಿದ್ಯುತ್ ಕೊಟ್ಟು, ಸಂಕೇತಕ್ಕೆ ‘ಬ್ಯಾಲೆನ್ಸ್ಡ್’ ಎಂಬ ಕೇಬಲನ್ನು ಬಳಸಿದರೆ ಬಹುಮಟ್ಟಿಗೆ ತೊಂದರೆ ತಪ್ಪುತ್ತದೆ. ಆ ಕೇಬಲಿನ ಎರಡು ಎಳೆಗಳಲ್ಲಿ ಒಂದೇ ಸಂಕೇತ ನೇರವಾಗಿಯೂ ತಲೆಕೆಳಗಾಗಿಯೂ ಹರಿಯುತ್ತದೆ. ದಾರಿಯಲ್ಲಿ ಎರಡಕ್ಕೂ ಸಮನಾಗಿ ಅಂಟಿದ ಸದ್ದು ಕೊನೆಯಲ್ಲಿ ಒಂದರಿಂದೊಂದು ಕಳೆದುಹೋಗುತ್ತದೆ. ಆದರೆ ನಮ್ಮಲ್ಲಿ ಚಿರಪರಿಚಿತವಾದ ಒಂದು ನಾಟಿವೈದ್ಯವಿದೆ: ಪ್ಲಗ್ಗಿನ ಮೂರನೆಯ ಪಿನ್ನನ್ನು ಮುರಿದುಹಾಕುವುದು. ಗುಂಗುಟ್ಟುವುದು ನಿಲ್ಲುತ್ತದೆ, ನಿಜ. ಜೊತೆಗೆ ಪ್ರಾಣರಕ್ಷಣೆಯ ದಾರಿಯೂ ಕಡಿದುಹೋಗುತ್ತದೆ. ಫ್ಯೂಸು ಹೋದ ಜಾಗದಲ್ಲಿ ಸಿಕ್ಕಿದ ತಂತಿಯನ್ನು ಸುತ್ತುವುದೂ ಇದೇ ಜಾತಿಯ ಸಾಹಸ. ಇವೆರಡನ್ನೂ ಕೋಣೆಯ ಬಾಗಿಲ ಮೇಲೆಯೇ ನಿಷೇಧವೆಂದು ಬರೆಸಬೇಕು.

ಹಾಕುವ ಆರಿಸುವ ಕ್ರಮವೂ ಒಂದುಂಟು. ಹಾಕುವಾಗ ಮೊದಲು ಕಂಪ್ಯೂಟರು, ಆಮೇಲೆ ಮಿಕ್ಸರು, ಎಲ್ಲಕ್ಕೂ ಕಡೆಗೆ ಆಂಪ್ಲಿಫೈಯರು. ಆರಿಸುವಾಗ ಎಲ್ಲಕ್ಕೂ ಮೊದಲು ಆಂಪ್ಲಿಫೈಯರು. ಈ ಕ್ರಮ ತಪ್ಪಿದರೆ ಉಳಿದ ಯಂತ್ರಗಳು ಏಳುವಾಗ ಮಲಗುವಾಗ ಹೊರಡಿಸುವ ‘ಧಡ್’ ಎಂಬ ಪೆಟ್ಟು ಪೂರ್ಣಬಲದಿಂದ ಸ್ಪೀಕರಿನ ಎದೆಗೆ ಬೀಳುತ್ತದೆ. ಮದುವೆಯ ಊಟದಲ್ಲಿ ಹಿರಿಯರು ಏಳುವ ಮೊದಲು ಎಲೆ ಬಿಟ್ಟು ಏಳಬಾರದೆಂಬ ಮರ್ಯಾದೆಯನ್ನು ಬಲ್ಲ ನಮಗೆ ಇದನ್ನು ನೆನಪಿಡುವುದು ಕಷ್ಟವಾಗಲಾರದು.

ಎಲ್ಲಕ್ಕಿಂತ ಮುಖ್ಯವಾದ ಮಾತು ಗುಂಡಿ ತಿರುಗಿಸುವವನದು. 1933ರಲ್ಲಿ ಅಮೆರಿಕದ ಫ್ಲೆಚರ್ ಮತ್ತು ಮನ್ಸನ್ ಎಂಬ ವಿಜ್ಞಾನಿಗಳು ಒಂದು ವಿಚಿತ್ರವನ್ನು ಅಳೆದು ತೋರಿಸಿದರು. ಶಬ್ದ ಮೆಲ್ಲಗಿದ್ದಾಗ ನಮ್ಮ ಕಿವಿಗೆ ಕೆಳಸ್ವರಗಳು ಬಹಳ ಕುಂದಿ ಕೇಳುತ್ತವೆ. ಗಟ್ಟಿಯಾದಂತೆಲ್ಲ ಅವು ತುಂಬಿಕೊಂಡು ಬರುತ್ತವೆ. ಆದ್ದರಿಂದಲೇ ಗಟ್ಟಿಮಾಡಿದ ಕೂಡಲೇ ಹಾಡು ‘ಚೆನ್ನಾಗಿದೆ’ ಎನ್ನಿಸುವುದು. ಹಾಡು ಹಾಗೆಯೇ ಇದೆ, ಬದಲಾದದ್ದು ನಮ್ಮ ಕಿವಿ! ಬೆಳಿಗ್ಗೆ ಒಬ್ಬ ಮೆಲ್ಲಗೆ ಕೇಳಿ ಕೆಳಸ್ವರ ಸಾಲದೆಂದು ಏರಿಸುತ್ತಾನೆ. ಮಧ್ಯಾಹ್ನ ಇನ್ನೊಬ್ಬ ಗಟ್ಟಿಯಾಗಿ ಕೇಳಿ ಹೆಚ್ಚಾಯಿತೆಂದು ಇಳಿಸುತ್ತಾನೆ. ಇಬ್ಬರೂ ಪ್ರಾಮಾಣಿಕರೇ, ಆದರೆ ಅಳತೆಗೋಲೇ ಹಿಗ್ಗಿ ಕುಗ್ಗುತ್ತಿದ್ದರೆ ಬಟ್ಟೆ ಅಳೆಯುವುದೆಂತು?

ಇದಕ್ಕೆ ಉಪಾಯ, ಕೋಣೆಗೆ ಒಂದೇ ಶಬ್ದಮಟ್ಟವನ್ನು ಗೊತ್ತುಮಾಡುವುದು. ‘ಪಿಂಕ್ ನಾಯ್ಸ್’ ಎಂಬ, ಮಳೆ ಸುರಿದಂತೆ ಕೇಳುವ ಪರೀಕ್ಷಾಧ್ವನಿಯನ್ನು ಒಂದೊಂದೇ ಸ್ಪೀಕರಿನಲ್ಲಿ ಹಾಕಿ, ಕೇಳುವವನ ಪೀಠದಲ್ಲಿ ಶಬ್ದಮಾಪಕವನ್ನು ಹಿಡಿದು, ಆಂಪ್ಲಿಫೈಯರಿನ ಗುಂಡಿಗಳನ್ನು ಹೊಂದಿಸಬೇಕು. ಸಿನಿಮಾದ ಧ್ವನಿ ಬೆರೆಸುವ ದೊಡ್ಡ ಥಿಯೇಟರುಗಳಲ್ಲಿ ಇದನ್ನು 85 ಡೆಸಿಬೆಲಿಗೆ ಇಡುವ ಪದ್ಧತಿಯುಂಟು. ನಮ್ಮಂಥ ಸಣ್ಣ ಕೋಣೆಗೆ 76ರ ಆಸುಪಾಸು ಸಾಕು. ಹೊಂದಿಸಿದ ಮೇಲೆ ಗುಂಡಿಯ ಪಕ್ಕದಲ್ಲಿ ಬಣ್ಣದ ಗೆರೆಯೊಂದನ್ನು ಎಳೆಯಬೇಕು. ಯಾರೇ ಕುಳಿತರೂ ಗುಂಡಿ ಆ ಗೆರೆಯ ಮೇಲೆ ಇರಬೇಕು. ಇದು ಕಿವಿಗೂ ಹಿತ. ವಾರಕ್ಕೆ 40 ಗಂಟೆ ಕೇಳುವವರಿಗೆ 80 ಡೆಸಿಬೆಲ್ ಮಿತಿಯೆಂದು ವಿಶ್ವ ಆರೋಗ್ಯ ಸಂಸ್ಥೆಯೂ ಹೇಳುತ್ತದೆ. ಯಂತ್ರ ಕೆಟ್ಟರೆ ರಿಪೇರಿಯುಂಟು, ಒಳಗಿವಿಯ ಸೂಕ್ಷ್ಮ ಕೋಶಗಳು ಸತ್ತರೆ ಮತ್ತೆ ಹುಟ್ಟುವುದಿಲ್ಲ.

ಇನ್ನು ಉಳಿದದ್ದು ಬೀಗದ ಕೈಯ ಪ್ರಶ್ನೆ. “ಕಲಾ ವಿದ್ಯಾರ್ಥಿಗಳ ಕೈಗೆ ಕೊಟ್ಟರೆ ಯಂತ್ರ ಉಳಿದೀತೇ? ಬೀರುವಿನಲ್ಲಿಟ್ಟು ಬೀಗ ಹಾಕಿ, ಬೇಕಾದಾಗ ತೆಗೆದುಕೊಡೋಣ” ಎಂಬ ಮಾತು ಹಿರಿಯರ ವಲಯದಲ್ಲಿ ಕೇಳಿಬರುತ್ತಿದೆ. ಸರಕಾರದ ಹಣದ ಬಗೆಗೆ ಅವರಿಗಿರುವ ಕಳಕಳಿಯನ್ನು ನಾನು ಗೌರವಿಸುತ್ತೇನೆ. ಆದರೆ 1935ರಲ್ಲಿ ಮೈಸೂರಿನಲ್ಲಿ ಆಕಾಶವಾಣಿಯನ್ನು ಆರಂಭಿಸಿದ ಡಾ. ಎಂ. ವಿ. ಗೋಪಾಲಸ್ವಾಮಿಯವರು ಯಾರು? ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರವನ್ನು ಬೋಧಿಸುತ್ತಿದ್ದ ಪ್ರಾಧ್ಯಾಪಕರು! ತಮ್ಮ ಮನೆಯಲ್ಲಿಯೇ 30 ವ್ಯಾಟಿನ ಪ್ರಸಾರಯಂತ್ರವನ್ನು ಹೂಡಿ ಅವರು ನಾಡಿಗೆ ಒಂದು ಹೊಸ ದನಿಯನ್ನು ಕೊಟ್ಟರು. ಪ್ರಸಾರಯಂತ್ರದ ವ್ಯಾಟೂ ಆಂಪ್ಲಿಫೈಯರಿನ ವ್ಯಾಟೂ ಬೇರೆ ಬೇರೆ ಕೆಲಸ ಮಾಡತಕ್ಕವೆಂಬುದು ನಿಜ. ಯಂತ್ರವನ್ನು ಮುಟ್ಟಲು ಕಲಾಶಾಸ್ತ್ರದವರು ಅನರ್ಹರೆಂಬ ಮಾತಿಗೆ ಅದಕ್ಕಿಂತ ಬೇರೆ ಉತ್ತರ ಬೇಕೇ? ಮನುಷ್ಯನು ಏನನ್ನು ಹೇಗೆ ಕೇಳುತ್ತಾನೆಂಬುದು ಮನಶ್ಶಾಸ್ತ್ರದ ಪ್ರಶ್ನೆ. ಹಾಡಿನಲ್ಲಿ ಯಾವುದು ಹಾಡು, ಯಾವುದು ಗದ್ದಲ ಎಂಬುದು ಸಾಹಿತ್ಯದ ಪ್ರಶ್ನೆ. ನಮ್ಮ ಕೋಣೆಯ ಕೆಲಸದಲ್ಲಿ ಅರ್ಧ ಈ ಎರಡೇ.

ಆದ್ದರಿಂದ ಮಾನ್ಯ ಪ್ರಿನ್ಸಿಪಾಲರಲ್ಲಿಯೂ ಅಧ್ಯಾಪಕ ಮಹನೀಯರಲ್ಲಿಯೂ ನನ್ನ ಬಿನ್ನಹ ಇಷ್ಟೆ. ಸಾಧಾರಣ ಶಕ್ತಿಯ, ನಂಬಿಕೆಗೆ ಅರ್ಹವಾದ ಆಂಪ್ಲಿಫೈಯರೊಂದನ್ನು ಕೊಳ್ಳಲಿ. ಅದನ್ನು ಹೂಡುವ ದಿನ ಪಕ್ಕದ ಪಾಲಿಟೆಕ್ನಿಕ್ಕಿನ ಬಲ್ಲವರೊಬ್ಬರನ್ನು ಕರೆಸಿ, ನಮ್ಮ ಕೈಯಿಂದಲೇ ಜೋಡಿಸುವ ಕೆಲಸ ಮಾಡಿಸಲಿ. ಹಾಕಿ ಆರಿಸುವುದನ್ನೂ ಗೆರೆಯ ನಿಯಮವನ್ನೂ ತಪ್ಪಿಲ್ಲದೆ ಮಾಡಿ ತೋರಿಸಿದವರ ಹೆಸರನ್ನು ಒಂದು ಪುಸ್ತಕದಲ್ಲಿ ಬರೆದು, ಅವರಿಗೆ ಸರದಿಯಂತೆ ಬೀಗದ ಕೈಯನ್ನು ಒಪ್ಪಿಸಲಿ. ಯಂತ್ರವು ಬಳಸುವುದರಿಂದ ಸವೆಯುವುದಕ್ಕಿಂತ ಬಳಸದೆ ಧೂಳು ಹಿಡಿದು ಕೆಡುವುದೇ ಸರಕಾರಿ ಕಟ್ಟಡಗಳಲ್ಲಿ ಹೆಚ್ಚು.

ಸಹಪಾಠಿ ಮಿತ್ರರಿಗೂ ಒಂದು ಮಾತು. ಗಟ್ಟಿಯಾಗಿ ಕೇಳಿದ್ದೆಲ್ಲ ಒಳ್ಳೆಯದೆಂದು ನಂಬುವ ಚಟ ನಮಗೆ ಸ್ಪೀಕರಿನ ಮುಂದೆ ಮಾತ್ರ ಇರುವುದಲ್ಲ. ಸಭೆಯಲ್ಲಿ, ಚುನಾವಣೆಯಲ್ಲಿ, ಚರ್ಚಾಸ್ಪರ್ಧೆಯಲ್ಲಿಯೂ ಇದೆ. ಗುಂಡಿಯನ್ನು ಗೆರೆಯ ಮೇಲೆ ನಿಲ್ಲಿಸಿ, ಮೆಲ್ಲನೆಯ ದನಿಯಲ್ಲಿ ಇರುವುದನ್ನು ಇದ್ದಂತೆಯೇ ಕೇಳುವ ಅಭ್ಯಾಸವನ್ನು ಆ ಸಣ್ಣ ಕೋಣೆ ನಮಗೆ ಕಲಿಸಿದರೆ ಕೊಟ್ಟ ಹಣ ಸಾರ್ಥಕ. ಮುಂದಿನ ವರ್ಷದ ಸಂಚಿಕೆಯಲ್ಲಿ ಈ ಪೆಟ್ಟಿಗೆಯ ವಾದದ ಬದಲು, ಆ ಹಾಡುಗಾರ್ತಿಯರ ಪದಗಳೇ ಒಂದಕ್ಷರವೂ ಮುಕ್ಕಾಗದೆ ಅಚ್ಚಾಗಿ ಬರಲೆಂದು ಹಾರೈಸುತ್ತೇನೆ.